ಅರ್ಧ ಬೆರಳಿನ ಬಿರುಕು

ಲಚ್ಯಾಣದ ಹತ್ತಿರದ ಆ ಊರಿನಲ್ಲಿ ಬೌದ್ಧ ಸಮಾಜದವರು ಸೇರುವ ಹಳೆಯ ಖೋಲಿಯನ್ನು ನಾನು ಕಣ್ಣಾರೆ ನೋಡಿದ್ದು ಅದನ್ನು ಕೆಡವುವ ದಿನವೇ. ಊರವರು ಫೋನಿಗೆ ಕಳಿಸಿದ ಹನ್ನೊಂದು ಫೋಟೊ ನೋಡಿ, ಗೋಡೆ ಸೀಳಿದೆ, ಬಳಕೆಗೆ ಯೋಗ್ಯವಲ್ಲ ಎಂದು ವರದಿ ಬರೆದವನು ಮಾತ್ರ ನಾನೇ. ಇಂಡಿ ಪಟ್ಟಣದಲ್ಲಿ ನಾನು ಯಾರ ಕೈಕೆಳಗೆ ಕೆಲಸಕ್ಕಿದ್ದೇನೋ ಆ ಇಂಜಿನಿಯರು ಪ್ರೇಮಕುಮಾರ ಸಾಹೇಬರು ಅದಕ್ಕೆ ಸಹಿ ಹಾಕಿದ್ದರು. ಆ ಕಾಗದ ಇದ್ದರೇ ಹೊಸ ಭವನಕ್ಕೆ ಅನುದಾನ.

ಜೆಸಿಬಿ ಬರಲು ಇನ್ನೂ ಅರ್ಧ ತಾಸಿತ್ತು. ಬಿಸಿಲು ತಾಳದೆ ಒಳಗೆ ಹೋದೆ. ತೋಳಿನ ಬೆವರು ತಣ್ಣಗಾಯಿತು. ಬುದ್ಧನ ಮೂರ್ತಿಯನ್ನು ಆಗಲೇ ಸಾಗಿಸಿದ್ದರು. ಅದಿದ್ದ ಗೋಡೆಯ ಖಾಲಿ ಗೂಡಿನಲ್ಲಿ ನನ್ನ ಕೈ ಮೊಣಕೈತನಕ ಹೋಯಿತು. ಬಾಗಿಲಲ್ಲಿ ನಿಂತರೆ ಗೋಡೆಯ ದಪ್ಪದೊಳಗೆ ನಾನು ಪೂರ್ತಿ ಹಿಡಿಸುತ್ತಿದ್ದೆ. ಸಂಜೆ ಕಾಲೇಜಿನಲ್ಲಿ ಗೋಡೆಯೆಂದರೆ ನಕ್ಷೆಯ ಮೇಲಿನ ಎರಡು ಗೆರೆ ಎಂದು ಕಲಿತವನು ನಾನು.

ಫೋಟೊದಲ್ಲಿದ್ದ ಬಿರುಕಿಗೆ ಬೆರಳಿಟ್ಟೆ. ಅರ್ಧ ಬೆರಳು ಹೋಗುವಷ್ಟರಲ್ಲಿ ಕಲ್ಲು ಸಿಕ್ಕಿತು. ನಮ್ಮ ಕಡೆ ಕಲ್ಲು-ಮಣ್ಣಿನ ಹಳೆ ಗೋಡೆಗೆ ಚಂದ ಕಾಣಲಿ ಎಂದು ಸಿಮೆಂಟು ಬಳಿಯುತ್ತಾರೆ. ಮಣ್ಣು ಅದನ್ನು ಹಿಡಿಯುವುದಿಲ್ಲ, ಉಬ್ಬಿ ಸೀಳುತ್ತದೆ. ಸೀಳಿದ್ದು ಆ ಹೊದಿಕೆಯಷ್ಟೇ. ನಮ್ಮ ಮನೆಯಲ್ಲೇ ಅಂಥ ಗೋಡೆಯಿದೆ. ಆದರೂ ಫೋಟೊ ನೋಡುವಾಗ ನನಗೆ ಹೊಳೆಯಲಿಲ್ಲ.

ಎದುರಿನ ಕಟ್ಟೆಯ ಮೇಲೆ ಸಾವಂತ್ರವ್ವ ಎಂಬ ಮುದುಕಿ ಕೂತಿದ್ದಳು. ಕೆಡವುವುದು ಬೇಡ ಎಂದವಳು ಅವಳೊಬ್ಬಳೇ ಎಂದು ಸಮಾಜದ ಹಿರಿಯ ರಾವಸಾಬ ಹೇಳಿದ್ದ. ಅವಳ ಅತ್ತೆಯೂ ಓಣಿಯ ಹೆಂಗಸರೂ ಕೂಲಿ ಮುಗಿಸಿ ಬಂದು, ಹಳ್ಳದಿಂದ ಕಲ್ಲು ಹೊತ್ತು ಹಾಕಿ ಎಬ್ಬಿಸಿದ ಖೋಲಿಯಂತೆ.

ಸಾಹೇಬರಿಗೆ ಫೋನು ಮಾಡಿ, ನನ್ನ ವರದಿ ತಪ್ಪಿರಬೇಕು ಎಂದೆ. ಬುನಾದಿ ತೆಗೆದು ನೋಡಿದ್ದೀಯಾ, ನಾಳೆ ಯಾರ ಮೇಲಾದರೂ ಬಿದ್ದರೆ ನೀನು ಹೊಣೆಯಾ ಎಂದು ಕೇಳಿದರು. ಗೋಡೆಯ ಮೇಲೆ ನನ್ನ ಕೈ ಇನ್ನೂ ಇತ್ತು. ಆ ಕೈಯನ್ನು ನಾನು ನಂಬಲಿಲ್ಲ.

"ಅಷ್ಟು ಖಾತ್ರಿ ಇಲ್ರಿ," ಅಂದೆ.

ಹಾಗಾದರೆ ಕೆಲಸ ನಡೆಯಲಿ ಎಂದು ಫೋನು ಇಟ್ಟರು.

ಮೊದಲ ಹೊಡೆತಕ್ಕೆ ಸಿಮೆಂಟಷ್ಟೇ ಉದುರಿತು. ಎರಡನೆಯದಕ್ಕೆ ಜೆಸಿಬಿಯ ಹಿಂದಿನ ಗಾಲಿಗಳೇ ನೆಲ ಬಿಟ್ಟು ಎದ್ದವು. ಗೋಡೆ ನಿಂತೇ ಇತ್ತು. ರಾವಸಾಬ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ.

"ತಮ್ಮಾ," ಸಾವಂತ್ರವ್ವ ಕೂತಲ್ಲಿಂದಲೇ ಅಂದಳು, "ಬೀಳೂ ಗ್ವಾಡಿ ಅಂತ ಬರದೀಯಂತ. ಬೀಳವಲ್ದಲ್ಲೋ."

"ಹೌದ್ರಿ ಆಯಿ."

ಆಗಲಾದರೂ ಅಡ್ಡ ನಿಲ್ಲಬಹುದಿತ್ತು. ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸುತ್ತ ನಿಂತೆ. ಐದನೆಯ ಹೊಡೆತಕ್ಕೆ ತೊಲೆ ಜಾರಿತು. ಮಾಳಿಗೆಯ ಮೇಲೆ ಹೊದಿಸಿದ್ದ ಮಣ್ಣೆಲ್ಲ ಒಮ್ಮೆಲೇ ಇಳಿಯಿತು. ನೆಲದ ನಡುಕ ಅಂಗಾಲಿನಿಂದ ಮೊಣಕಾಲಿನವರೆಗೆ ಹತ್ತಿತು. ಧೂಳು ಕಟ್ಟೆಯ ಕಡೆ ಬರುತ್ತಿತ್ತು. ಸಾವಂತ್ರವ್ವನನ್ನು ಆಚೆ ಕರೆದೊಯ್ಯಲು ಓಡಿ ಹೋಗಿ ಕೈ ಚಾಚಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕೈ ಕೊಡಲಿಲ್ಲ.