ತೆಗೆಯದ ಎಕ್ಸ್‌ರೇ

ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕಲಿಯಲು ಬಂದು ಐದು ತಿಂಗಳಾಗಿತ್ತಷ್ಟೇ, ಚೂಟಿಗೆ ಆಗಲೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತರೂ ಅದೇ ಪಾಠ: ಕಿರಣ ಮಾಂಸದೊಳಗೆ ಹಾದುಹೋಗುತ್ತದೆ, ಅದಕ್ಕೇ ಅದು ಮಬ್ಬು; ಎಲುಬು ಅಡ್ಡ ನಿಲ್ಲುತ್ತದೆ, ಅದಕ್ಕೇ ಬೆಳ್ಳಗೆ; ಗಾಳಿ ಯಾರನ್ನೂ ತಡೆಯುವುದಿಲ್ಲ, ಅದಕ್ಕೇ ಕಪ್ಪು. ಅಣ್ಣ ಅವಳನ್ನು ಜಂಬದ ಕೋಳಿ ಎನ್ನುತ್ತಿದ್ದ. ಜಂಬಪಡುವಷ್ಟು ಕೆಲಸ ಬರುತ್ತಿತ್ತು ಎನ್ನುವುದೂ ನಿಜವೇ. ಮುರಿದ ಕೈಯನ್ನು ನೋಯಿಸದೆ ಹೊರಳಿಸಿ ಪ್ಲೇಟಿನ ಮೇಲಿಡುವುದರಲ್ಲಿ ಜೊತೆಯವರು ಯಾರೂ ಅವಳ ಹತ್ತಿರ ಸುಳಿಯುವಂತಿರಲಿಲ್ಲ.

ಕಲಿಸುತ್ತಿದ್ದ ಹಿರಿಯ ಟೆಕ್ನಿಶಿಯನ್ ಅವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು. ಹೆಚ್ಚು ಮಾತಿನವರಲ್ಲ. ಮೊದಲ ದಿನವೇ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಹೆರುವ ವಯಸ್ಸಿನ ಹೆಂಗಸು ಯಾರೇ ಬರಲಿ, ಜೊತೆಗೆ ಬಂದವರನ್ನು ಹೊರಗೆ ಕಳಿಸಬೇಕು, ಬಾಗಿಲು ಹಾಕಬೇಕು, ಬಸುರಿರಬಹುದೇ ಎಂದು ಬಾಯಿಬಿಟ್ಟು ಕೇಳಬೇಕು. ಹೊಟ್ಟೆಯ ಕೂಸಿಗೆ ಬೇಡದ ಕಿರಣ ತಗಲಬಾರದು. "ಗುಂಡಿ ಒತ್ತೋದು ಬೆರಳಿನ ಕೆಲಸ," ಎಂದಿದ್ದರು ಮೇಡಂ. "ಒತ್ತಬೇಕಾ ಬೇಡ್ವಾ ಅನ್ನೋದು ತಲೆಯ ಕೆಲಸ." ಚೂಟಿ ತಪ್ಪದೆ ಕೇಳುತ್ತಿದ್ದಳು. ಮೂಗು ಮುರಿದವರನ್ನೂ, ಮುಖ ಕೆಂಪಗೆ ಮಾಡಿಕೊಂಡವರನ್ನೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಅತ್ತಿಗೆಯನ್ನು ಕರೆದುಕೊಂಡು ಬಂದಳು. ಒದ್ದೆ ಮೆಟ್ಟಿಲ ಮೇಲೆ ಜಾರಿ ಅತ್ತಿಗೆ ಕುಂಡಿಯೂರಿ ಬಿದ್ದಿದ್ದಳು. ಕೂತರೂ ನೋವು, ಎದ್ದರೂ ನೋವು. ಪಕ್ಕದ ಬೀದಿಯ ಡಾಕ್ಟರು ಸೊಂಟದ ಎಕ್ಸ್‌ರೇಗೆ ಬರೆದುಕೊಟ್ಟಿದ್ದರು. ಅಲ್ಲಿಯೂ ಅವಳ ಪರವಾಗಿ ಮಾತಾಡಿದ್ದು ಅಮ್ಮನೇ. ಅಮ್ಮ ಒಳ್ಳೆಯವಳು, ಸೊಸೆಯನ್ನು ಕಂಡರೆ ಪ್ರಾಣ. ಆದರೆ ಆ ಎಲುಬಿಲ್ಲದ ನಾಲಿಗೆಯ ಮೇಲೆ ಯಾವ ಸುದ್ದಿಯೂ ಅರ್ಧ ದಿನ ನಿಂತದ್ದಿಲ್ಲ.

"ತೆಗೆಯೋದು ನನ್ನ ಮಗಳೇ," ಎಂದು ಬೆಂಚಿನ ಮೇಲಿದ್ದವರಿಗೆಲ್ಲ ಸಾರುತ್ತಿದ್ದಳು. "ನೋಡ್ತಾ ಇರಿ, ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತೆ."

ಚೂಟಿಗೆ ಹಿಗ್ಗಾಯಿತು. ಅಮ್ಮನನ್ನು ಹೊರಗೇ ಕೂರಿಸಿ ಬಾಗಿಲು ಹಾಕಿದಳು. ಅತ್ತಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಬೆಳಕಿನ ಚೌಕವನ್ನು ಸರಿಯಾಗಿ ಸೊಂಟದ ಮೇಲೆ ಕೂರಿಸಿದಳು. ಎಲ್ಲ ಮಾಡಿದಳು, ಪ್ರಶ್ನೆ ಮಾತ್ರ ಕೇಳಲಿಲ್ಲ. ಮರೆತದ್ದಲ್ಲ. ಒಂದೇ ಸೂರು, ಒಂದೇ ಬಚ್ಚಲು, ಇವರ ವಿಷಯ ನನಗೆ ಗೊತ್ತಿಲ್ಲವೇ ಎಂದುಕೊಂಡಳು. ಮನೆಯವರಲ್ಲದ ಯಾರ ಮುಂದೆಯೂ ಅವಳು ಮಾಡದ ತಪ್ಪು ಅದು.

ಅತ್ತಿಗೆಯ ಕೈಗಳು ಕಿಬ್ಬೊಟ್ಟೆಯ ಮೇಲಿದ್ದವು. "ಕೈ ಪಕ್ಕಕ್ಕೆ ಅತ್ತಿಗೆ, ಚಿತ್ರದಲ್ಲಿ ಬೆರಳು ಬಂದುಬಿಡುತ್ತೆ," ಎಂದು ಚೂಟಿ ತೆಗೆದಿಟ್ಟಳು. ದಿಂಬು ಸರಿಮಾಡಿ ತಿರುಗುವಷ್ಟರಲ್ಲಿ ಕೈಗಳು ಮತ್ತೆ ಅಲ್ಲಿಯೇ. ನಗುತ್ತ ಮತ್ತೆ ತೆಗೆದಿಟ್ಟಳು. ಸೀಸದ ಗಾಜಿನ ಹಿಂದೆ ಬಂದು ಮೇಡಂ ಪಕ್ಕ ನಿಂತು ಗುಂಡಿಯತ್ತ ಬೆರಳು ಚಾಚಿದಾಗ, ಗಾಜಿನಾಚೆ ಕೈಗಳು ಮೂರನೆಯ ಸಲ ಹೊಟ್ಟೆಯ ಮೇಲೆ ಬಂದು ಕೂತಿದ್ದವು.

ನೋವಿರುವುದು ಹಿಂದೆ, ಕೈ ಕಾಯುತ್ತಿರುವುದು ಮುಂದೆ. ಗುಂಡಿಯಿಂದ ಬೆರಳು ತೆಗೆದು ಚೂಟಿ ಮೇಡಂ ಕಡೆ ನೋಡಿದಳು. ಅವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಅತ್ತಿಗೆ, ಎಲ್ಲರನ್ನೂ ಕೇಳ್ತೀವಿ, ನಿಮ್ಮನ್ನೂ ಕೇಳ್ಬೇಕು," ಎಂದಳು ಚೂಟಿ ಮೇಜಿನ ಪಕ್ಕ ಬಗ್ಗಿ. "ಬಸುರಿರಬಹುದಾ?"

ಅತ್ತಿಗೆ ಚಾವಣಿಯನ್ನೇ ನೋಡುತ್ತಿದ್ದಳು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು.

"ಎರಡು ತಿಂಗಳು. ನಿಮ್ಮಣ್ಣನಿಗೆ ಮಾತ್ರ ಗೊತ್ತು."

"ಅಲ್ಲಾ, ಯಾಕೆ ಹೇಳಲಿಲ್ಲ ಅತ್ತಿಗೆ?"

"ಹೋದ ಸಲ ಅತ್ತೆ ಖುಷಿಗೆ ಬೀದಿಗೆಲ್ಲ ಹೇಳಿದ್ರು. ಅದು ನಿಲ್ಲಲಿಲ್ಲ. ಆಮೇಲೆ ಸಿಕ್ಕಿದೋರೆಲ್ಲ ಎಷ್ಟು ತಿಂಗಳು ಅಂತ ಕೇಳೋರು, ಒಬ್ಬೊಬ್ಬರಿಗೂ ಇಲ್ಲ, ಹೋಯ್ತು ಅಂತ ನಾನೇ ಹೇಳ್ಬೇಕಾಯ್ತು. ಇನ್ನೊಂದು ಸಲ ನನ್ನಿಂದಾಗಲ್ಲ ಕಣೇ. ಒಂದು ಎಕ್ಸ್‌ರೇ ತಾನೇ, ಏನಾಗುತ್ತೆ ಅಂತ ಮಲಗಿದೆ. ಕೈ ಮಾತ್ರ ಸುಮ್ಮನಿರಲಿಲ್ಲ."

ಮೇಡಂ ಒಳಗಿನ ಬಾಗಿಲಿನಿಂದಲೇ ಆಸ್ಪತ್ರೆಯ ಡಾಕ್ಟರನ್ನು ಕರೆಸಿದರು. ಡಾಕ್ಟರು ಒತ್ತಿ ನೋಡಿದರು, ಕಾಲು ಮಡಿಸಲು ಹೇಳಿದರು, ನಾಲ್ಕು ಹೆಜ್ಜೆ ನಡೆಸಿದರು. ಬಾಲದ ಎಲುಬಿಗೆ ಪೆಟ್ಟಾಗಿದೆ, ಚಿತ್ರ ತೆಗೆದರೂ ತೆಗೆಯದಿದ್ದರೂ ಮದ್ದು ಒಂದೇ, ವಿಶ್ರಾಂತಿ, ಎಂದರು. ಆಮೇಲೆ ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ಮಾಡಿದರು. ಅದರಲ್ಲಿ ಎಕ್ಸ್‌ರೇ ಕಿರಣವಿಲ್ಲ, ಬರೀ ಸದ್ದಿನ ಅಲೆ. ಮಬ್ಬು ಪರದೆಯ ನಡುವೆ ಕಾಳಿನಷ್ಟು ಏನೋ ಪಟಪಟ ಮಿಡಿಯುತ್ತಿತ್ತು. ಚೂಟಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ನೀವು ಹೇಳೋವರೆಗೆ ಮನೆಯಲ್ಲಿ ಇದು ನನ್ನ ಬಾಯಿಂದ ಬರಲ್ಲ," ಎಂದಳು ಅತ್ತಿಗೆಗೆ.

ಹೊರಗೆ ಬೆಂಚು ತುಂಬಿತ್ತು. ಅಮ್ಮ ಎದ್ದು ಬಂದಳು. "ಇಷ್ಟು ಹೊತ್ತು? ಎಲ್ಲಿ ಚಿತ್ರ?"

"ತೆಗೆಯಲಿಲ್ಲಮ್ಮ. ಡಾಕ್ಟರು ಒಳಗೇ ನೋಡಿದ್ರು. ಎಲುಬಿಗೆ ಪೆಟ್ಟು, ವಿಶ್ರಾಂತಿ ಸಾಕು."

"ಬರೆದುಕೊಟ್ಟಿದ್ದನ್ನ ತೆಗೆಯಲಿಲ್ಲ ಅಂದ್ರೆ? ಅಲ್ಲ ಕಣೇ, ನಿನಗೆ ತೆಗೆಯೋಕೆ ಬರಲಿಲ್ವಾ?"

ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಒಬ್ಬಾತ ಕಿಸಕ್ಕನೆ ನಕ್ಕ. ಚೂಟಿಯ ನಾಲಿಗೆಯ ತುದಿಗೆ ಒಂದು ಡಜನ್ ಉತ್ತರ ಬಂದವು, ಎಲ್ಲವೂ ಖಾರದವು, ಎಲ್ಲವೂ ಅಮ್ಮನನ್ನು ಇನ್ನೊಂದು ಪ್ರಶ್ನೆಗೆ ಎಳೆಯುವಂಥವು. ಅವಳ ಹಿಂದೆ ಬಾಗಿಲಲ್ಲಿ ಅತ್ತಿಗೆ ಉಸಿರು ಹಿಡಿದು ನಿಂತಿದ್ದಳು.

"ಹ್ಞೂಂ ಅಮ್ಮ," ಎಂದಳು ಚೂಟಿ, ಎಲ್ಲರಿಗೂ ಕೇಳುವಂತೆ, ತಲೆಯೆತ್ತಿಕೊಂಡೇ. "ನನಗಿನ್ನೂ ಅಷ್ಟು ಬರಲ್ಲ."