ಗುಡುಗು ಮೇಡಂ ಸುಮ್ಮನಾದ ತಿಂಗಳು

ಭೌತಶಾಸ್ತ್ರದ ಮೇಡಂಗೆ ಮಕ್ಕಳು ಇಟ್ಟಿದ್ದ ಹೆಸರು ಗುಡುಗು ಮೇಡಂ. ಅವರು ಮೂರನೇ ಮಹಡಿಯಲ್ಲಿ ಪಾಠ ಮಾಡಿದರೆ ಕೆಳಗೆ ಗೇಟಿನ ಕಾವಲುಗಾರನೂ ಪಾಸಾಗುತ್ತಾನೆ ಅನ್ನುವುದು ಕಾಲೇಜಿನ ಹಳೇ ತಮಾಷೆ. ಅಂಥ ಗಂಟಲೇ ಕೈಕೊಟ್ಟಿತು. ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, "ಧ್ವನಿತಂತಿ ಮೇಲೆ ಚಿಕ್ಕ ಗಂಟು. ಹೆದರೋಂಥದ್ದೇನಿಲ್ಲ. ಆದರೆ ಒಂದು ತಿಂಗಳು ತುಟಿಪಿಟಕ್ ಅನ್ನೋ ಹಾಗಿಲ್ಲ. ಪಿಸುಮಾತೂ ಬೇಡ" ಎಂದರು.

ಮನೆಯಲ್ಲಿ ಅತ್ತೆ, "ನಮ್ಮ ಗಡಿಯಾರ ಟಿಕ್ ಟಿಕ್ ಅನ್ನತ್ತೆ ಅಂತ ಇವತ್ತೇ ಗೊತ್ತಾಗಿದ್ದು ಕಣಮ್ಮ" ಎಂದರು. ಗಂಡ ನಗಲು ಹೋಗಿ, ಹೆಂಡತಿ ಬೀರಿದ ನೋಟ ಕಂಡು, "ಬೈಗುಳಕ್ಕೆ ಬಾಯೇ ಬೇಕಂತಿಲ್ಲ ಬಿಡು" ಎಂದ.

ರಜೆ ಹಾಕಿ ಅಂದರು ಎಲ್ಲರೂ. ಮೇಡಂ ಕೇಳಲಿಲ್ಲ. ದ್ರವಗಳ ಹರಿವಿನ ಪಾಠ ಅರ್ಧಕ್ಕೆ ನಿಂತಿತ್ತು. ಕಂಪ್ಯೂಟರಿನಲ್ಲಿ ಅದಕ್ಕೊಂದು ಸಿಮ್ಯುಲೇಶನ್ ಇತ್ತು. ಪಾಠವೆಲ್ಲ ಮುಗಿದ ಮೇಲೆ ಶಾಸ್ತ್ರಕ್ಕೆಂದು ಒಂದೈದು ನಿಮಿಷ ತೋರಿಸುತ್ತಿದ್ದ ಆಟ ಅದು. ಈಗ ಅದೇ ಗತಿ.

ಪರದೆಯ ಮೇಲೆ ಒಂದು ಪೈಪು ಮೂಡಿತು. ಎರಡು ತುದಿ ಅಗಲ, ನಡುವೆ ಕಿರಿದು. ಒಳಗೆ ನೀಲಿ ಚುಕ್ಕೆಗಳು ಹರಿಯುತ್ತಿದ್ದವು, ಕಿರಿದಾದ ಕಡೆ ಓಡುತ್ತಿದ್ದವು. ಮೇಡಂ ಬೋರ್ಡಿನ ಮೇಲೆ ಬರೆದರು: "ಒತ್ತಡ ಎಲ್ಲಿ ಜಾಸ್ತಿ? ಕಿರಿದಾದ ಕಡೆಯೋ, ಅಗಲದ ಕಡೆಯೋ? ಕೈ ಎತ್ತಿ."

ಕಿರಿದಾದ ಕಡೆ ಅಂತ ಹೆಚ್ಚುಕಡಿಮೆ ಇಡೀ ಕ್ಲಾಸೇ ಕೈ ಎತ್ತಿತು.

ಮೇಡಂ ಎತ್ತಿದ ಕೈಗಳನ್ನು ಇನ್ನೊಮ್ಮೆ ಎಣಿಸಿದರು. ಹೋದ ವಾರವಷ್ಟೇ ಇದನ್ನು ಗಂಟಲು ಹರಿಯುವ ಹಾಗೆ ಹೇಳಿದ್ದರು. ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು, ಟೆಸ್ಟಿನಲ್ಲಿ ಸೂತ್ರವನ್ನೂ ತಪ್ಪಿಲ್ಲದೆ ಬರೆದಿದ್ದರು.

ಮೌಸ್ ಹಿಡಿದು ಒತ್ತಡದ ಮೀಟರನ್ನು ಕಿರಿದಾದ ಕಡೆಗೆ ಎಳೆದರು. ಮುಳ್ಳು ಸರ್ರನೆ ಕೆಳಗಿಳಿಯಿತು.

"ಪ್ರೋಗ್ರಾಮೇ ತಪ್ಪು ಮೇಡಂ!" ಎಂದ ಹಿಂದಿನ ಬೆಂಚಿನ ಹುಡುಗ. ಎಲ್ಲದಕ್ಕೂ ವಾದ ಹೂಡುವ ಅವನನ್ನು ವಕೀಲ ಅಂತಲೇ ಕರೆಯುತ್ತಿದ್ದರು. "ಗಿಡಕ್ಕೆ ನೀರು ಬಿಡೋವಾಗ ಪೈಪಿನ ಬಾಯಿಗೆ ಬೆರಳಿಟ್ಟರೆ ಹೇಗೆ ಚಿಮ್ಮತ್ತೆ! ಅದು ಒತ್ತಡ ಅಲ್ದೆ ಇನ್ನೇನು?"

ಉತ್ತರ ಮೇಡಂ ಬಾಯಿಯವರೆಗೂ ಬಂತು. ತುಟಿ ಕಚ್ಚಿ ನುಂಗಿಕೊಂಡರು. ಕ್ಲಾಸಿನಲ್ಲಿ ಗದ್ದಲವೆದ್ದಿತು, ಆಮೇಲೆ ತಾನಾಗಿ ಇಳಿಯಿತು. ಯಾರೂ ಬಿಡಿಸಿ ಹೇಳುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

ಆಗ ಎದ್ದು ನಿಂತವಳು ಗುಬ್ಬಿ. ವರ್ಷವಿಡೀ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಪುಟ್ಟ ಹುಡುಗಿ. "ಇದನ್ನ ನಿಧಾನ ಮಾಡಬಹುದಾ ಮೇಡಂ?"

ಮೇಡಂ ಮೌಸನ್ನೇ ಅವಳ ಕೈಗೆ ಕೊಟ್ಟರು.

ಗುಬ್ಬಿ ಹರಿವನ್ನು ನಿಧಾನಿಸಿ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು. "ಇದನ್ನೇ ನೋಡಿ. ಇಲ್ಲಿ ಮೆಲ್ಲಗೆ ಬರ್ತಿತ್ತು, ಕಿರಿದಾಗ್ತಾ ಓಡೋಕೆ ಶುರು ಮಾಡ್ತು. ಸುಮ್ಮನೆ ಓಡತ್ತಾ? ಹಿಂದಿನಿಂದ ತಳ್ಳೋದು ಮುಂದಿನಿಂದ ತಡೆಯೋದಕ್ಕಿಂತ ಜೋರಾಗಿರಬೇಕು. ಹಿಂದೆ ಇರೋದು ಅಗಲದ ಕಡೆ. ಹಾಗಾದ್ರೆ ಅಲ್ಲೇ ತಾನೇ ಒತ್ತಡ ಜಾಸ್ತಿ?"

"ಮತ್ತೆ ನನ್ನ ಬೆರಳು?" ವಕೀಲ ಬಿಡಲಿಲ್ಲ.

"ಚಿಮ್ಮೋದು ನೀರಿನ ವೇಗ ಕಣೋ. ಒತ್ತಡ ಇರೋದು ನಿನ್ನ ಬೆರಳ ಹಿಂದೆ, ಪೈಪಿನೊಳಗೆ. ಹಿಡಿದಿರೋ ಕೈಗೆ ಪೈಪು ಬಿಗಿಯಾಗೋದು ಗೊತ್ತಾಗಲ್ವಾ?"

ವಕೀಲ ತನ್ನ ಅಂಗೈಯನ್ನೇ ನೋಡಿಕೊಂಡ. "ಹೌದಲ್ವೇನೇ…" ಎಂದವನು ಮುಂದೆ ಬಂದು ಪೈಪನ್ನು ಇನ್ನಷ್ಟು ಕಿರಿದು ಮಾಡಿದ. ಮುಳ್ಳು ಇನ್ನಷ್ಟು ಇಳಿಯಿತು. ಅಗಲ ಮಾಡಿದ, ಏರಿತು. "ಕೇಸು ಬಿದ್ದುಹೋಯ್ತು" ಎಂದು ಯಾರೋ ಕೂಗಿದರು. ಅವನೂ ನಕ್ಕ. ಮೌಸ್ ಕೈಯಿಂದ ಕೈಗೆ ಹೋಯಿತು. ಮೇಡಂ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅಲ್ಲಿಂದ ಅವರು ಕ್ಲಾಸನ್ನು ನೋಡಿದ್ದೇ ಇರಲಿಲ್ಲ. ಇಷ್ಟು ವರ್ಷ ಎಷ್ಟು ಜನ ಹೀಗೆ ತಲೆಯಾಡಿಸಿ ಹೋದರೋ ಅನ್ನಿಸಿ ಮನಸ್ಸು ಚುರುಗುಟ್ಟಿತು. ಆದರೆ ಎದುರಿಗೆ ಮಕ್ಕಳು ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತಾ ಜಗಳಾಡುತ್ತಿದ್ದುದನ್ನು ನೋಡುತ್ತಾ ನೋಡುತ್ತಾ ಆ ಚುರುಕು ತಣ್ಣಗಾಯಿತು.

ತಿಂಗಳು ಕಳೆಯಿತು. ಡಾಕ್ಟರು ಮೆಲ್ಲಗೆ ಮಾತಾಡಲು ಒಪ್ಪಿದರು. ಗುಡುಗಿಗೆ ಕಾದು ಕೂತ ಕ್ಲಾಸಿಗೆ ಬಂದು ಮೇಡಂ ತೆಳುವಾದ ದನಿಯಲ್ಲಿ ಕೇಳಿದರು: "ಎಲ್ಲಿಗೆ ಬಂದಿದ್ವಿ?"

ಗುಬ್ಬಿ ಕೈ ಎತ್ತಿದಳು. "ಮೇಡಂ, ಪೈಪಿನ ಗೋಡೆ ಮೆತ್ತಗಿದ್ರೆ? ಒತ್ತಡ ಇಳಿದ ಕಡೆ ಗೋಡೆ ಒಳಕ್ಕೆ ಬಾಗಲ್ವಾ? ಬಾಗಿದ್ರೆ ಇನ್ನೂ ಕಿರಿದಾಗತ್ತೆ. ಆಮೇಲೆ ಏನಾಗತ್ತೆ?"

ಮೇಡಂ ಯೋಚಿಸಿದರು. ಸಿಮ್ಯುಲೇಶನ್ನಿನಲ್ಲಿ ಅಂಥ ಪೈಪೇ ಇರಲಿಲ್ಲ.

"ನನಗೂ ಸರಿಯಾಗಿ ಗೊತ್ತಿಲ್ಲ ಕಣೇ" ಎಂದರು. ಈ ಮಾತನ್ನು ಅವರು ಕ್ಲಾಸಿನಲ್ಲಿ ಹೇಳಿದ್ದು ಅದೇ ಮೊದಲು. "ಲ್ಯಾಬಿನಲ್ಲಿ ತೆಳು ರಬ್ಬರ್ ನಳಿಕೆ ಇರಬೇಕು. ವಕೀಲರೇ, ಬಕೆಟ್ ಎತ್ತಿಕೊಳ್ಳಿ. ನಡೀರಿ, ನೋಡೇಬಿಡೋಣ."