ಕಡಲ ತಳದ ಸಿಹಿನೀರು

ನಮ್ಮ ಅರಾದೋಸ್ ದ್ವೀಪದ ದೊಡ್ಡ ತೊಟ್ಟಿ ಒಡೆದದ್ದು ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ. ಅರಬರು ಹಡಗುಗಳ ಮೇಲೆ ಯಂತ್ರ ಕಟ್ಟಿಕೊಂಡು ಕಲ್ಲೆಸೆಯುತ್ತಿದ್ದರು. ಒಂದು ಕಲ್ಲು ಗೋಡೆ ದಾಟಿ ಬಂದು ತೊಟ್ಟಿಯ ಮೂಲೆಗೆ ಬಡಿಯಿತು. ನಾವೆಲ್ಲ ಓಡಿಹೋಗಿ ಬಿರುಕು ಬಿಟ್ಟ ಕಡೆ ಬಟ್ಟೆ ತುರುಕಿದೆವು, ಮಣ್ಣು ಮೆತ್ತಿದೆವು, ಏನೂ ನಿಲ್ಲಲಿಲ್ಲ. ಬೇಸಿಗೆಯಿಡೀ ಅಳೆದು ಅಳೆದು ಕುಡಿದು ಉಳಿಸಿದ್ದ ಮಳೆನೀರು ಕಣ್ಣೆದುರೇ ಬೀದಿಗುಂಟ ಹರಿದು ಕಡಲು ಸೇರಿತು. ಹೆಂಗಸರು ನೆಲಕ್ಕೆ ಬಿದ್ದು ಸೆರಗಿನಲ್ಲಿ ಹೀರಿಸಿ ಮಕ್ಕಳ ಬಾಯಿಗೆ ಹಿಂಡಿದರು.

ಅದು ಕಾನ್‌ಸ್ಟನ್ಸ್ ಚಕ್ರವರ್ತಿಯ ಕಾಲ. ಅವನ ಅಜ್ಜ ಹೆರಾಕ್ಲಿಯಸ್ ಬದುಕಿದ್ದಾಗಲೇ ದಮಸ್ಕವೂ ಅಂತಿಯೋಕ್ಯವೂ ಕೈಬಿಟ್ಟು ಹೋಗಿದ್ದವು. ಮೊಮ್ಮಗ ಪಟ್ಟಕ್ಕೆ ಬಂದಾಗ ಮೀಸೆ ಮೂಡದ ಹುಡುಗ. ಎದುರು ದಡದ ಊರುಗಳೆಲ್ಲ ಹೊಸ ಧರ್ಮದವರ ವಶವಾಗಿ, ಸಿರಿಯಾದ ಕರಾವಳಿಯಲ್ಲಿ ಚಕ್ರವರ್ತಿಯ ಹೆಸರು ಹೇಳಿ ಪ್ರಾರ್ಥಿಸುವ ಜಾಗವೆಂದರೆ ನಮ್ಮ ದ್ವೀಪ ಮಾತ್ರ ಉಳಿದಿತ್ತು. ಅವನ ನೌಕಾಪಡೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಗೋಡೆಯ ಮೇಲಿನ ಗಂಡಸರು ಪಡುವಣಕ್ಕೇ ಮುಖ ಮಾಡಿ ಕೂತಿದ್ದರು.

ನನ್ನ ಅಣ್ಣ ಮಾಲ್ಖೋಸ್ ಮುತ್ತಿಗೆಯ ಮೊದಲ ವಾರವೇ ಆ ಗೋಡೆಯ ಮೇಲೆ ಬಾಣ ತಾಗಿ ಸತ್ತಿದ್ದ. ಅವನ ಹೆಂಡತಿ ದೊಮ್ನೀನಾ, ಅವನ ತಂಗಿ ಶ್ಮೂನಿಯಾದ ನನಗೆ ಅತ್ತಿಗೆ. ಅತ್ತವಳಲ್ಲ. ಅವನನ್ನು ಮಣ್ಣು ಮಾಡಿ ಬಂದು ಅಂಗಳ ಗುಡಿಸಿದಳು, ಅವನ ದೋಣಿಗೆ ಅರಗು ಬಳಿದಳು, ಅಷ್ಟೆ. ಕಲ್ಲೆದೆಯವಳು ಎಂದು ಓಣಿಯವರು ಆಡಿಕೊಂಡರು.

ತೊಟ್ಟಿ ಒಡೆದ ಮಧ್ಯಾಹ್ನ ಊರ ಯಜಮಾನ ಸಿಲ್ವಾನೋಸ್ ಎಲ್ಲರನ್ನೂ ಇಗರ್ಜಿಯಲ್ಲಿ ಸೇರಿಸಿದ. ಮಾತಾಡಲು ಅವನಿಗೇ ಬಾಯಿ ಒಣಗಿತ್ತು.

"ಮನೆಮನೆಯ ಗಡಿಗೆ ಬಿಟ್ರೆ ಬೇರೆ ನೀರಿಲ್ಲ," ಎಂದ. "ಎಂಥ ಮಾಡುದು, ಹೇಳಿ."

ದೊಮ್ನೀನಾ ಕಂಬದ ಹತ್ತಿರದಿಂದ ಹೇಳಿದಳು: "ಕಡಲಡಿಯ ಬುಗ್ಗೆ ಉಂಟಲ್ಲ."

ಬುಗ್ಗೆಯ ವಿಷಯ ಎಲ್ಲರಿಗೂ ಗೊತ್ತಿತ್ತು. ದ್ವೀಪಕ್ಕೂ ದಡಕ್ಕೂ ನಡುವೆ, ಉಪ್ಪುನೀರಿನ ತಳದಲ್ಲಿ ಸಿಹಿನೀರು ಉಕ್ಕುವ ಜಾಗವೊಂದಿದೆ. ಹಿಂದಿನ ಯುದ್ಧಗಳಲ್ಲಿ ನಮ್ಮ ಹಿರಿಯರು ಸೀಸದ ದೊಡ್ಡ ಲಾಳಿಕೆಯನ್ನು ಬುಗ್ಗೆಯ ಮೇಲೆ ಬೋರಲು ಇಳಿಸಿ, ಅದರ ಮೂತಿಗೆ ತೊಗಲಿನ ಕೊಳವೆ ಕಟ್ಟಿ, ದೋಣಿಯಲ್ಲಿ ಕೂತು ನೀರು ತುಂಬಿಕೊಂಡವರು. ಆ ಕೆಲಸ ನಮ್ಮ ಮನೆತನದ್ದು. ಮಾಲ್ಖೋಸ್ ಬರಗಾಲದ ಬೇಸಿಗೆಗಳಲ್ಲಿ ಹೋಗುತ್ತಿದ್ದ, ಅತ್ತಿಗೆ ಅವನ ಜೊತೆ ದೋಣಿಯ ಹುಟ್ಟು ಹಾಕುತ್ತಿದ್ದಳು.

"ಲಾಳಿಕೆ ಎಲ್ಲುಂಟು?" ಸಿಲ್ವಾನೋಸ್ ತಲೆ ತಗ್ಗಿಸಿದ. "ಕವಣೆಗೆ ಗುಂಡು ಬೇಕು ಅಂತ ನಾನೇ ಕರಗಿಸಿದೆ. ಈಗ ಅದು ಅವರ ಹಡಗುಗಳಲ್ಲಿ ಬಿದ್ದುಕೊಂಡುಂಟು."

ಸಭೆ ನಿಟ್ಟುಸಿರು ಬಿಟ್ಟಿತು. ದೊಮ್ನೀನಾ ಮಾತ್ರ ತಲೆಯೆತ್ತಿ ಇಗರ್ಜಿಯ ಮಾಡನ್ನು ನೋಡುತ್ತಿದ್ದಳು. ಮಾಡಿಗೆ ಹೆಂಚಿನ ಬದಲು ಸೀಸದ ತಗಡು ಹೊದಿಸಿತ್ತು.

ಬಾಕೋಸ್ ಪಾದ್ರಿಗೆ ಅವಳ ನೋಟ ಅರ್ಥವಾಯಿತು. "ಬೇಡ ಮಗಳೇ. ದೇವರ ಮನೆ ಅದು. ಮಳೆ ಬಂದ್ರೆ ಸೋರ್ತದೆ."

"ಸೋರ್ಲಿ ಪಾದ್ರಿಗಳೇ. ಕೆಳಗೆ ಗಡಿಗೆ ಇಡುವ. ಅಷ್ಟು ನೀರಾದ್ರೂ ಸಿಕ್ತದಲ್ಲ."

ಆ ಗಂಟಲೊಣಗಿದ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು. ಪಾದ್ರಿ ತಾನೇ ಹೋಗಿ ಏಣಿ ತಂದು ಹಿಡಿದ. ತಗಡು ಇಳಿಸಿ, ಬಡಿದು ಬಗ್ಗಿಸಿ ಹೊಸ ಲಾಳಿಕೆ ಮಾಡಿದೆವು.

ಕೊಳವೆ ಹೊಲಿದುಕೊಟ್ಟವನು ಅಬ್ದಾಸ್. ಹಾಯಿ ಹೊಲಿಯುವ ಮುದುಕ, ಮುಂದಿನ ಹಲ್ಲಿಲ್ಲ, ನಾಲಿಗೆಗೆ ಬಿಡುವಿಲ್ಲ. ಊರಿನ ದ್ರಾಕ್ಷಾರಸದ ಚೀಲಗಳನ್ನೆಲ್ಲ ಕತ್ತರಿಸಿ ಒಂದಕ್ಕೊಂದು ಸೇರಿಸಿ ಹೊಲಿದ. "ಖಾಲಿ ಚೀಲ ಇಷ್ಟೊಂದು ಸಿಕ್ಕಿತು ನೋಡು," ಎಂದ. "ಉಪವಾಸದ ತಿಂಗಳಲ್ಲಿ ಕುಡಿದವರು ಯಾರು ಅಂತ ನಂಗೆ ಗೊತ್ತಾಯ್ತು."

ಗಂಡಸರು ಗೋಡೆ ಬಿಟ್ಟು ಕದಲುವಂತಿರಲಿಲ್ಲ. ಹಾಗಾಗಿ ದೋಣಿಗೆ ನಾವು ಮೂವರೇ. ಅತ್ತಿಗೆ ಚುಕ್ಕಾಣಿಗೆ, ನಾನು ಹುಟ್ಟಿಗೆ, ಅಬ್ದಾಸ್ ಕೊಳವೆಗೆ. ದಟ್ಟ ಮಂಜು ಕವಿದ ಒಂದು ಮುಂಜಾನೆ ಹೊರಟೆವು. ಅತ್ತಿಗೆ ಜಾಗವನ್ನು ಕಣ್ಣಿನಿಂದ ಹುಡುಕಲಿಲ್ಲ. ಕೈ ನೀರಿಗಿಳಿಸಿ ತಣ್ಣಗಿನ ಸೆಳೆತ ಸಿಗುವವರೆಗೆ ದೋಣಿಯನ್ನು ಅತ್ತಿತ್ತ ತಿರುಗಿಸಿದಳು. ಲಾಳಿಕೆ ಇಳಿಸಿದೆವು. ಕೊಳವೆಯ ಬಾಯಿಂದ ನೀರು ಬಂತು. ನಾನು ಆಸೆಯಿಂದ ಬಾಯಿಟ್ಟೆ. ಉಪ್ಪು.

"ಮೊದಲು ಉಪ್ಪೇ ಬರ್ತದೆ, ಕಾಯಿ," ಎಂದಳು ಅತ್ತಿಗೆ.

ಕಾದೆವು. ಉಪ್ಪು ಕಡಿಮೆಯಾಯಿತು, ಹೋಗಲಿಲ್ಲ. ಹೊಲಿಗೆಗಳ ನಡುವಿಂದ ಕಡಲು ಒಳಗೆ ನುಗ್ಗುತ್ತಿತ್ತು. ಮಂಜು ಕರಗತೊಡಗಿತು. ಬರಿಗೈಲಿ ವಾಪಸು ಬಂದೆವು. ದಂಡೆಯಲ್ಲಿ ಗಡಿಗೆ ಹಿಡಿದು ಕಾದಿದ್ದ ಹೆಂಗಸರು ಖಾಲಿ ಗಡಿಗೆಗಳನ್ನೇ ಸೊಂಟಕ್ಕೇರಿಸಿ ತಿರುಗಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಬ್ದಾಸ್ ಕೊಳವೆಯನ್ನು ಬಿಸಿಲಿಗೆ ಹಾಕಿ ಕೂತುಬಿಟ್ಟ. "ನನ್ನ ಕೈಯ ಹೊಲಿಗೆ ಗಾಳಿಗೆ ತಡೆದೀತು, ನೀರಿಗಲ್ಲ. ನನ್ನಿಂದ ಆಗುದಿಲ್ಲ ಮಾರಾಯ್ತಿ."

"ಆಗುದಿಲ್ಲ ಅಂದ್ರೆ ಎಂಥ?" ಅತ್ತಿಗೆ ಅವನೆದುರು ಕುಕ್ಕರಿಸಿದಳು. "ಅರಗು ಉಂಟು, ಕುರಿಯ ಕೊಬ್ಬು ಉಂಟು, ನಮ್ಮ ಆರು ಕೈ ಉಂಟು. ಹೊಲಿಗೆ ಬಿಚ್ಚು. ಈ ಸಲ ಇಮ್ಮಡಿ ಹೊಲಿ. ನಾನು ಅರಗು ಕಾಯಿಸ್ತೇನೆ."

"ನೀನು ಸೊಸೆಯಾಗಿ ಬಂದಿದ್ದು ಆ ಮನೆಯ ಪುಣ್ಯ. ನನ್ನ ಮನೆಗೆ ಬಂದಿದ್ರೆ ನಾನು ಎಂದೋ ಸಾಯ್ತಿದ್ದೆ," ಎಂದು ಗೊಣಗುತ್ತ ಮುದುಕ ದಾರಕ್ಕೆ ಕೈ ಹಾಕಿದ.

ಎರಡನೆಯ ಸಲ ಹೊರಟಾಗ ಮಂಜಿರಲಿಲ್ಲ, ಹಗಲು ಬಿಚ್ಚಿಕೊಂಡಿತ್ತು. ಕಾಯುವ ಹಾಗೂ ಇರಲಿಲ್ಲ, ಮೇಲಿನ ಓಣಿಯಲ್ಲಿ ಆಗಲೇ ಎರಡು ಕೂಸುಗಳು ಬಾಯಾರಿ ತೀರಿಹೋಗಿದ್ದವು. ತೆಂಕಣ ಗಾಳಿ ಎದ್ದು ಅಲೆ ದೊಡ್ಡದಾಗಿದ್ದರಿಂದ ಅರಬರು ಹೆಚ್ಚಿನ ಹಡಗುಗಳನ್ನು ದಡಕ್ಕೆ ಎಳೆದಿದ್ದರು. "ಇಂಥ ಕಡಲಿಗೆ ಹುಚ್ಚರೇ ಇಳಿಯುದು," ಎಂದ ಅಬ್ದಾಸ್. "ಅದಕ್ಕೇ ಇಳಿಯುವ," ಎಂದಳು ಅತ್ತಿಗೆ.

ಲಾಳಿಕೆ ತಳ ಮುಟ್ಟಿತು. ಉಪ್ಪು ಬಂತು, ಸಪ್ಪೆ ಬಂತು. ಆಮೇಲೆ ಅಬ್ದಾಸ್ ಕೊಳವೆಯ ಬಾಯಿಗೆ ನಾಲಿಗೆಯಿಟ್ಟವನು ಹಾಗೇ ಕೂತ. ಅವನ ಗಡ್ಡದಿಂದ ನೀರು ಇಳಿಯುತ್ತಿತ್ತು, ಕಣ್ಣಿಂದಲೂ. ಮಾತಿಲ್ಲದ ಅಬ್ದಾಸನನ್ನು ನಾನು ಕಂಡದ್ದು ಅದೊಂದೇ ಸಲ.

ಗಡಿಗೆಗಳು ಒಂದೊಂದಾಗಿ ತುಂಬುತ್ತಿದ್ದಾಗ ದಡದಿಂದ ಒಂದು ದೋಣಿ ಬಿಟ್ಟಿತು. ಅಲೆಗಳ ಮೇಲೆ ಏಳುತ್ತ ಬೀಳುತ್ತ ನಮ್ಮ ಕಡೆಗೇ ಬರುತ್ತಿತ್ತು, ಮುಂಭಾಗದಲ್ಲಿ ಬಿಲ್ಲಾಳುಗಳು.

"ಕೊಳವೆ ಕಡೀರಿ, ಹೋಗುವ!" ಎಂದೆ.

"ಕಡಿದ್ರೆ ನಾಳೆ ಎಂಥದರಲ್ಲಿ ತುಂಬ್ತೀ? ಹಿಡ್ಕೊ." ಅತ್ತಿಗೆ ಇನ್ನೊಂದು ಗಡಿಗೆ ಒಡ್ಡಿದಳು. ಅಲೆಗೆ ದೋಣಿ ವಾಲಿ ಗಡಿಗೆ ಜಾರುತ್ತಿತ್ತು. ಆದರೂ ತುಂಬುವವರೆಗೆ ಅವಳು ತೆಗೆಯಲಿಲ್ಲ. ಮೊದಲ ಬಾಣ ನೀರಿಗೆ ಬಿತ್ತು. ಎರಡನೆಯದು ಅಬ್ದಾಸನ ತೊಡೆಗೆ. ಆಗ ಅತ್ತಿಗೆ ಕೊಳವೆಯ ಬಾಯಿ ಬಿಗಿದು, ಕಲ್ಲು ಕಟ್ಟಿ ಮುಳುಗಿಸಿ, ಗುರುತಿಗೆ ಒಂದು ಬೆಂಡಿನ ತುಂಡು ಬಿಟ್ಟಳು. ನಾನು ಹುಟ್ಟು ಹಾಕಿದ್ದು ಆಮೇಲೆ ತೋಳೆತ್ತಲಾಗದ ಹಾಗೆ. ದ್ವೀಪ ಹತ್ತಿರವಾದಾಗ ಅವರ ದೋಣಿ ನಮ್ಮ ಗೋಡೆಯ ಕವಣೆಗಳಿಗೆ ಎಟುಕಿತು. ಅವರು ಹಿಂದಿರುಗಿದರು.

ದಂಡೆಯಲ್ಲಿ ಅಬ್ದಾಸನನ್ನು ಇಳಿಸಿ ಬಾಣ ಕಿತ್ತರು. ಯಾರೋ ಗಾಯಕ್ಕೆ ನೀರು ಸುರಿಯಹೋದರು. "ಏಯ್! ಕುಡಿಯುವ ನೀರಲ್ಲಿ ಕಾಲು ತೊಳೀಬೇಡಿ! ಕಡಲು ಉಂಟಲ್ಲ ಅಷ್ಟು ದೊಡ್ಡದು!" ಎಂದು ಅರಚಿದ. ಕಡಲ ನೀರಿನಲ್ಲೇ ತೊಳೆದರು. ಉರಿಗೆ ಅವನು ಬೈದ ಬೈಗುಳ ಪಾದ್ರಿಯ ಮುಂದೆ ಹೇಳುವಂಥದ್ದಲ್ಲ, ಪಾದ್ರಿ ಅಲ್ಲೇ ನಿಂತಿದ್ದ.

ಹೀಗೆ ಗಾಳಿ ಎದ್ದಾಗಲೆಲ್ಲ ಹೋದೆವು. ಅಬ್ದಾಸನ ಜಾಗಕ್ಕೆ ಓಣಿಯ ಹೆಂಗಸರು ಸರದಿಯ ಮೇಲೆ ಬಂದರು, ಅತ್ತಿಗೆಯನ್ನು ಕಲ್ಲೆದೆಯವಳು ಅಂದವರೂ ಬಂದರು. ಚಳಿಗಾಲದ ಬಿರುಗಾಳಿ ಜೋರಾದಾಗ ಅರಬರು ಮುತ್ತಿಗೆ ಎತ್ತಿ ದಮಸ್ಕಕ್ಕೆ ಹೋದರು. ನಾವು ಗಂಟೆ ಬಾರಿಸಿದೆವು, ತೊಟ್ಟಿ ಕಟ್ಟಿದೆವು, ಮಳೆ ಹಿಡಿದೆವು. ಸಹಾಯ ಬೇಡಿ ರಾಜಧಾನಿಗೆ ಎರಡು ದೋಣಿ ಕಳಿಸಿದೆವು. ಎರಡೂ ಮರಳಲಿಲ್ಲ.

ವಸಂತಕ್ಕೆ ಅವರು ಮತ್ತೆ ಬಂದರು. ಈ ಸಲ ಕಡಲು ಕಾಣದಷ್ಟು ಹಡಗು. ಬುಗ್ಗೆಯ ಮೇಲೇ ಒಂದು ಸಾಲು ಲಂಗರು ಹಾಕಿ ನಿಂತಿತು. ಅವರ ದಂಡಿನ ಒಡೆಯ ಅಮೀರ ಹೇಳಿ ಕಳಿಸಿದ: ಊರು ಬಿಟ್ಟುಕೊಡಿ, ಜೀವಕ್ಕೆ ಅಪಾಯವಿಲ್ಲ, ಇಷ್ಟವಿದ್ದ ಕಡೆ ಹೋಗಿ.

ಇಗರ್ಜಿಯಲ್ಲಿ ಮತ್ತೆ ಸಭೆ. ಮಾಡಿನ ತೂತುಗಳಿಂದ ಬಿಸಿಲು ಬೀಳುತ್ತಿತ್ತು. ಸಿಲ್ವಾನೋಸ್ ಖಡ್ಗ ಕಟ್ಟಿಕೊಂಡು ಬಂದಿದ್ದ. "ಚಕ್ರವರ್ತಿಯ ಕೊನೆಯ ಊರು ಇದು. ಕೊನೆಯವನು ಬೀಳುವವರೆಗೆ ಹೋರಾಡುವ. ದೊಮ್ನೀನಾ, ನೀನು ಹೇಳು, ನಿನ್ನ ಧೈರ್ಯ ಊರಿಗೇ ಗೊತ್ತುಂಟು."

ಎಲ್ಲರೂ ಅವಳ ಕಡೆ ತಿರುಗಿದರು. "ಒಪ್ಪಂದ ಮಾಡಿಕೊಳ್ಳುವ," ಎಂದಳು ಅವಳು.

ಸಿಲ್ವಾನೋಸನ ಮುಖ ಕಪ್ಪಿಟ್ಟಿತು. "ಹೆದರಿದೆಯಾ? ಗಂಡ ಸತ್ತ ಗೋಡೆಯನ್ನು ಕೊಟ್ಟು ಹೋಗ್ತೀಯಾ?"

"ಹೌದು, ಕೊಟ್ಟು ಹೋಗ್ತೇನೆ. ನಾನು ನೀರು ತಂದದ್ದು ಗೋಡೆಗಾ ಯಜಮಾನ್ರೇ? ಮನುಷ್ಯರಿಗೆ ತಂದದ್ದು. ಹೋದ ವರ್ಷ ದಾರಿ ಇತ್ತು, ಹಿಡಿದು ನಿಂತೆವು. ಈ ವರ್ಷ ಬುಗ್ಗೆ ಅವರ ಕೈಯಲ್ಲುಂಟು, ಚಕ್ರವರ್ತಿ ಬರುದಿಲ್ಲ. ನೀರು ಕುಡಿಸಿ ಉಳಿಸಿದ ಮಕ್ಕಳನ್ನು ಕತ್ತಿಗೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಸಾಯ್ಲಿಕ್ಕೆ ಮನಸ್ಸಿದ್ದವರು ಇಲ್ಲೇ ಇರಿ. ನನ್ನ ದೋಣಿಯಲ್ಲಿ ಜಾಗ ಉಂಟು, ಬರುವವರು ಬನ್ನಿ."

ಮೊದಲು ಅಬ್ದಾಸ್ ಕುಂಟುತ್ತ ಎದ್ದ. "ನನ್ನ ಇನ್ನೊಂದು ಕಾಲು ಹೊಸದಾಗಿ ಉಂಟು, ಅದನ್ನು ಉಳಿಸಿಕೊಳ್ತೇನೆ," ಎಂದು ಅವಳ ಪಕ್ಕ ನಿಂತ. ಆಮೇಲೆ ಹೆಂಗಸರು, ಆಮೇಲೆ ಗೋಡೆಯ ಗಂಡಸರು. ಕೊನೆಗೆ ಸಿಲ್ವಾನೋಸ್ ಖಡ್ಗ ಬಿಚ್ಚಿ ಪಾದ್ರಿಯ ಕೈಗೆ ಕೊಟ್ಟು ಗೋಡೆಗೆ ಮುಖ ಮಾಡಿ ಅತ್ತ.

ಮಾತಿಗೆ ಹೋದವರ ಜೊತೆ ಅತ್ತಿಗೆಯೂ ಹೋಗಿ ಒಂದು ಷರತ್ತು ಸೇರಿಸಿದಳು, ದೋಣಿಗಳು ನಮ್ಮವೇ ಆಗಿರಬೇಕು ಎಂದು. ಅಮೀರನ ಕಡೆಯವರಲ್ಲಿ ನರೆತ ಗಡ್ಡದವನೊಬ್ಬ ನಮ್ಮ ಭಾಷೆ ಬಲ್ಲವನಿದ್ದ. "ಬಿರುಗಾಳಿಗೆ ಇಳಿದ ಹೆಂಗಸು ನೀನೆಯಾ?" ಎಂದು ಕೇಳಿ, ದೋಣಿಗಳ ಮಾತಿಗೆ ಅಮೀರನನ್ನು ಒಪ್ಪಿಸಿದನಂತೆ. ಕೊಟ್ಟ ಮಾತು ಅವರು ನಡೆಸಿದರು. ಕೊನೆಯ ದೋಣಿ ಬಿಡುವವರೆಗೆ ಯಾರೂ ನಮ್ಮ ಮೇಲೆ ಕೈ ಮಾಡಲಿಲ್ಲ. ನಾವು ಕಡಲಿನ ನಡುವೆ ಇದ್ದಾಗ ಅವರು ಬೆಂಕಿಯಿಟ್ಟ ಖಾಲಿ ಊರು ಹೊತ್ತಿ ಉರಿಯಿತು. ಆಗ ಅತ್ತಿಗೆ ಅತ್ತಳು. ಅಣ್ಣನ ಹೆಸರು ಹಿಡಿದು, ಎದೆ ಬಡಿದುಕೊಂಡು, ಚುಕ್ಕಾಣಿ ಬಿಡದೆ ಅತ್ತಳು. ನಾನು ಹುಟ್ಟು ನಿಲ್ಲಿಸಿದಾಗ, "ನಿಲ್ಲಿಸ್ಬೇಡ, ಹಾಕು," ಎಂದಳು.

ಬಡಗಣ ದಡದಲ್ಲಿ, ಚಕ್ರವರ್ತಿಯ ಆಳ್ವಿಕೆಯ ಒಂದು ರೇವಿಗೆ ಹೋಗಿ ಸೇರಿದೆವು. ಅಲ್ಲಿನ ಅಧಿಕಾರಿ ರೇಷ್ಮೆಯ ಅಂಗಿಯವನು. ನಮ್ಮನ್ನು ಇಳಿಯಗೊಡಲಿಲ್ಲ. "ಕೋಟೆ ಒಪ್ಪಿಸಿ ಬಂದವರು ನೀವು. ನಿಮ್ಮಂಥವರಿಗೆ ಇಲ್ಲಿ ಜಾಗ ಇಲ್ಲ. ಚಕ್ರವರ್ತಿಗಾಗಿ ಯಾಕೆ ಕಾಯಲಿಲ್ಲ?"

"ಕಾದೆವು ಸ್ವಾಮೀ," ಎಂದಳು ಅತ್ತಿಗೆ. "ಅವರು ನಮ್ಮಲ್ಲಿಗೆ ಬರಲಿಲ್ಲ. ಅದಕ್ಕೆ ನಾವೇ ಅವರಲ್ಲಿಗೆ ಬಂದೆವು. ಜಾಗ ಇಲ್ಲ ಅಂತ ಅವರೇ ಹೇಳ್ಲಿ, ಇಲ್ಲೇ ಕಟ್ಟೆ ಮೇಲೆ ಕೂತಿರ್ತೇವೆ."

ಕೂತೆವು. ಮಕ್ಕಳು, ಮುದುಕರು, ಕೋಳಿಗಳು, ಬಾಕೋಸ್ ಪಾದ್ರಿ, ಎಲ್ಲ ಅವನ ರೇವಿನ ಮೆಟ್ಟಿಲ ಮೇಲೆ. ಒಂದು ಸರಕು ಹಡಗಿಗೂ ಹಗ್ಗ ಕಟ್ಟಲು ಜಾಗ ಬಿಡಲಿಲ್ಲ. ಬಿಸಿಲಾಯಿತು, ಸಂಜೆಯಾಯಿತು, ಮತ್ತೆ ಬಿಸಿಲಾಯಿತು. ಊರಿನ ಹೆಂಗಸರು ಮೊದಲು ಇಣುಕಿದರು, ಆಮೇಲೆ ರೊಟ್ಟಿ, ಆಲಿವ್ ತಂದರು. ಹಡಗಿನ ಮಾಲೀಕರು ಅಧಿಕಾರಿಯ ಬಾಗಿಲಿಗೆ ಹೋಗಿ ಕೂಗಾಡಿದರು. ಕೊನೆಗೆ ಅವನು ಊರ ಹೊರಗಿನ ಕಲ್ಲುಗುಡ್ಡ ತೋರಿಸಿ, "ಅಲ್ಲಿ ಸಾಯಿರಿ ಹೋಗಿ," ಎಂದ.

ಗುಡ್ಡದಲ್ಲಿ ಕಲ್ಲಿಗೆ ಬರವಿರಲಿಲ್ಲ. ಸಿಲ್ವಾನೋಸ್ ಮೊದಲ ಗೋಡೆಯ ಪಾಯ ತೋಡಿದ, ಯಾರೂ ಹೇಳದೆ. ನಾನು ಬಳಲಿ ಕೂತಿದ್ದರೆ ಅತ್ತಿಗೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಮೇಲಿನಿಂದ ಕೂಗುತ್ತಿದ್ದಳು: "ಶ್ಮೂನಿ! ಕೂತುಕೊಂಡು ಎಂಥ ನೋಡ್ತೀ? ಮಳೆ ಬರುವ ಮೊದಲು ಮಾಡು ಏಳ್ಬೇಕು. ಆ ಕಲ್ಲು ಇತ್ತ ತಾ."